ಆಟಗಾರ ಎರಾಸ್ಮಸ್, ತರಬೇತುದಾರ ಎರಾಸ್ಮಸ್

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. 2025ರಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರಿನ ತಂಡ ಆಡುವುದನ್ನು ಟಿವಿಯಲ್ಲಿ ನೋಡಿದ ಮೇಲೆ ಈ ಆಟದ ಬಗ್ಗೆ ಕುತೂಹಲ ಹುಟ್ಟಿತು. ದಕ್ಷಿಣ ಆಫ್ರಿಕಾದ ತರಬೇತುದಾರ ರಾಸಿ ಎರಾಸ್ಮಸ್ ಅವರ ಹೆಸರನ್ನು ಎಲ್ಲೆಡೆ ಕೇಳುತ್ತೇನೆ. ಆಟಗಾರರಾಗಿ ಸಾಧಾರಣ ಎನಿಸಿದ್ದವರು ತಂಡಕ್ಕೆ ಎರಡು ವಿಶ್ವಕಪ್ ತಂದುಕೊಟ್ಟಿದ್ದು ಹೇಗೆ? ಸ್ವತಃ ಆಡಿದ ಅನುಭವ ಅವರಿಗೆ ಎಷ್ಟರಮಟ್ಟಿಗೆ ನೆರವಾಯಿತು? ಅವರ ಮೇಲೆ ನಿಷೇಧ ಹೇರಿದ್ದೇಕೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿರುವ ಒಂದು ಗ್ರಹಿಕೆಯನ್ನು ಮೊದಲು ತಿದ್ದಬೇಕಾಗಿದೆ. ಎರಾಸ್ಮಸ್ ಸಾಧಾರಣ ಆಟಗಾರರಾಗಿರಲಿಲ್ಲ. ಈಸ್ಟರ್ನ್ ಕೇಪ್ ಪ್ರಾಂತ್ಯದ ಡೆಸ್ಪ್ಯಾಚ್ ಎಂಬ ಸಣ್ಣ ಊರಿನಲ್ಲಿ 1972ರಲ್ಲಿ ಹುಟ್ಟಿದ ಅವರು 1997ರಲ್ಲಿ ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ (ಆ ನಾಡುಗಳ ಜಂಟಿ ತಂಡ) ವಿರುದ್ಧದ ಸರಣಿಯ ಮೂರನೇ ಟೆಸ್ಟ್‌ನಲ್ಲಿ, ಅಂದರೆ ಅಧಿಕೃತ ಅಂತರರಾಷ್ಟ್ರೀಯ ಪಂದ್ಯದಲ್ಲಿ, ಮೊದಲ ಬಾರಿಗೆ ದೇಶದ ಅಂಗಿ ತೊಟ್ಟರು. 2001ರವರೆಗೆ ಒಟ್ಟು 36 ಟೆಸ್ಟ್‌ಗಳನ್ನು ಆಡಿದರು. ನಿಕ್ ಮ್ಯಾಲೆಟ್ ಅವರ ಗರಡಿಯಲ್ಲಿ ದಕ್ಷಿಣ ಆಫ್ರಿಕಾ 1997 ಮತ್ತು 1998ರಲ್ಲಿ ಸತತ 17 ಟೆಸ್ಟ್‌ಗಳನ್ನು ಗೆದ್ದಾಗ ಅವರು ಆ ತಂಡದ ಫ್ಲ್ಯಾಂಕರ್ (ಫಾರ್ವರ್ಡ್‌ಗಳ ಗುಂಪಿನ ಅಂಚಿನಲ್ಲಿ ಆಡುವವರು) ಆಗಿದ್ದರು. 1999ರ ವಿಶ್ವಕಪ್‌ನಲ್ಲಿ ಸೆಮಿಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ಆಸ್ಟ್ರೇಲಿಯಾಕ್ಕೆ ಸೋತು, ನ್ಯೂಜಿಲೆಂಡನ್ನು ಮಣಿಸಿ ಮೂರನೇ ಸ್ಥಾನ ಪಡೆದ ತಂಡದಲ್ಲೂ ಅವರಿದ್ದರು. ಗಾಯಗಳು ಅವರ ಆಟದ ಬದುಕನ್ನು ಮೊಟಕುಗೊಳಿಸಿದ್ದರಿಂದ ಮತ್ತು ನಾಯಕತ್ವ ಒಂದೇ ಒಂದು ಟೆಸ್ಟ್‌ಗೆ ಸೀಮಿತವಾದದ್ದರಿಂದ ಹೊರಗಿನವರ ನೆನಪಿನಲ್ಲಿ ಅವರ ಹೆಸರು ಹೆಚ್ಚು ಉಳಿಯಲಿಲ್ಲ, ಅಷ್ಟೆ.

ನೀವು ನೋಡಿದ್ದು ತಲಾ ಏಳು ಜನ ಆಡುವ ಸೆವೆನ್ಸ್ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಎರಾಸ್ಮಸ್ ಅವರ ರಂಗ ಹದಿನೈದು ಜನರ, 80 ನಿಮಿಷಗಳ ರಗ್ಬಿ. ಅಲ್ಲಿ ಎಂಟು ಮಂದಿ ಫಾರ್ವರ್ಡ್‌ಗಳು ಸ್ಕ್ರಮ್ (ಎರಡೂ ಕಡೆಯವರು ಹೆಣೆದುಕೊಂಡು ಚೆಂಡಿಗಾಗಿ ಎದುರಾಳಿಯನ್ನು ನೂಕುವುದು), ಲೈನ್‌ಔಟ್ (ಪಕ್ಕದ ಗೆರೆಯಿಂದ ಒಳಗೆ ಎಸೆದ ಚೆಂಡಿಗಾಗಿ ಎರಡು ಸಾಲಿನವರು ಜಿಗಿಯುವುದು), ಚೆಂಡಿಗಾಗಿ ನೆಲದ ಮೇಲೆ ನಡೆಯುವ ಗುದ್ದಾಟ ಇವುಗಳ ಭಾರ ಹೊರುತ್ತಾರೆ. ಏಳು ಮಂದಿ ಬ್ಯಾಕ್‌ಗಳು ಓಟ, ಪಾಸು ಮತ್ತು ಒದೆತದ ಹೊಣೆ ಹೊರುತ್ತಾರೆ. ಬೆಂಚಿನ ಮೇಲೆ ಎಂಟು ಬದಲಿ ಆಟಗಾರರಿರುತ್ತಾರೆ. ಮುಂದೆ ಹೇಳುವ ಮಾತುಗಳಿಗೆಲ್ಲ ಈ ಲೆಕ್ಕ ತಳಹದಿ.

ಫ್ಲ್ಯಾಂಕರ್ ಸ್ಥಾನ ಅವರನ್ನು ತರಬೇತುದಾರನ ಕೆಲಸಕ್ಕೆ ಅರ್ಧ ತಯಾರು ಮಾಡಿತು ಎಂಬುದು ನನ್ನ ಅಭಿಪ್ರಾಯ. ಸ್ಕ್ರಮ್ ಮುರಿದ ಕ್ಷಣವೇ ಚೆಂಡು ಎತ್ತ ಹೋಗುತ್ತದೆಂದು ಊಹಿಸಿ ಎಲ್ಲರಿಗಿಂತ ಮೊದಲು ಅಲ್ಲಿ ಇರಬೇಕಾದವನು ಆತ. ಎರಾಸ್ಮಸ್ ಈ ಊಹೆಯನ್ನು ಅದೃಷ್ಟಕ್ಕೆ ಬಿಡಲಿಲ್ಲ. ವಿಡಿಯೊ ವಿಶ್ಲೇಷಣೆ ಇನ್ನೂ ಹೊಸದಾಗಿದ್ದ ಕಾಲದಲ್ಲಿ, ಆಟಗಾರರಾಗಿದ್ದಾಗಲೇ, ಕಂಪ್ಯೂಟರ್ ಮುಂದೆ ಕುಳಿತು ಎದುರಾಳಿಗಳ ಲೈನ್‌ಔಟ್‌ಗಳನ್ನು ಬಿಡಿಸಿ ನೋಡುವ ಅಭ್ಯಾಸ ಅವರಿಗಿತ್ತು. ಆದ್ದರಿಂದ ಆಟ ನಿಲ್ಲಿಸಿದ ಕೂಡಲೇ 2004ರಲ್ಲಿ ಬ್ಲೂಮ್‌ಫಾಂಟೇನ್‌ನ ಫ್ರೀ ಸ್ಟೇಟ್ ತಂಡದ ಹೊಣೆ ಹೊತ್ತಾಗ ಅವರು ಈ ಕೆಲಸಕ್ಕೆ ತೀರ ಹೊಸಬರೇನೂ ಆಗಿರಲಿಲ್ಲ. ಮರುವರ್ಷವೇ ಆ ತಂಡ ಪ್ರಿಟೋರಿಯಾದಲ್ಲಿ ಬ್ಲೂ ಬುಲ್ಸ್ ತಂಡವನ್ನು 29–25ರಿಂದ ಸೋಲಿಸಿ, ದೇಶದ ಪ್ರಾಂತೀಯ ತಂಡಗಳ ಪಂದ್ಯಾವಳಿಯಾದ ‘ಕರಿ ಕಪ್’ ಅನ್ನು 1976ರ ನಂತರ ಮೊದಲ ಬಾರಿಗೆ ಗೆದ್ದಿತು. 2006ರ ಫೈನಲ್ 28–28ರಲ್ಲಿ ಸಮವಾಗಿ ಕಪ್ ಹಂಚಿಕೆಯಾಯಿತು. ಕ್ರೀಡಾಂಗಣದ ಛಾವಣಿಯ ಮೇಲಿಂದ ಬಣ್ಣದ ದೀಪಗಳನ್ನು ಬೆಳಗಿಸಿ ಆಟಗಾರರಿಗೆ ಸಂಜ್ಞೆ ಕೊಟ್ಟಿದ್ದು ಆ ದಿನಗಳಲ್ಲಿಯೇ. ನೋಡಿದವರು ನಕ್ಕರು. ಆದರೆ ಮೈದಾನದಲ್ಲಿರುವವನಿಗೆ ಕಾಣದ್ದು ಮೇಲಿನಿಂದ ನೋಡುವವನಿಗೆ ಕಾಣುತ್ತದೆ, ಅದನ್ನು ಕೆಳಗೆ ತಲುಪಿಸಲು ದಾರಿ ಬೇಕು ಎಂಬ ಯೋಚನೆ ಅವರನ್ನು ಬಿಡಲಿಲ್ಲ. 2023ರ ವಿಶ್ವಕಪ್‌ನಲ್ಲಿ ತರಬೇತುದಾರರ ಕೋಣೆಯಿಂದ ಕೆಂಪು, ಹಳದಿ, ಹಸಿರು ದೀಪಗಳು ಕಂಡಾಗ ಜಗತ್ತು ಬೆರಗಾಯಿತು. ಬ್ಲೂಮ್‌ಫಾಂಟೇನ್‌ನವರಿಗೆ ಅದು ಹಳೆಯ ಪರಿಚಯ.

ನಂತರ ಕೇಪ್‌ಟೌನ್‌ನ ಸ್ಟಾರ್ಮರ್ಸ್, ಅಲ್ಲಿಂದ ರಾಷ್ಟ್ರೀಯ ರಗ್ಬಿ ಸಂಸ್ಥೆಯಲ್ಲಿ ಆಡಳಿತದ ಹುದ್ದೆ. ಈ ವರ್ಷಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. 2016ರಲ್ಲಿ ಅವರು ಐರ್ಲೆಂಡಿನ ಮನ್‌ಸ್ಟರ್ ತಂಡಕ್ಕೆ ಹೋದದ್ದು ಮಾತ್ರ ಮುಖ್ಯ. ಅದೇ ಅಕ್ಟೋಬರ್‌ನಲ್ಲಿ ಮನ್‌ಸ್ಟರ್‌ನ ಮುಖ್ಯ ತರಬೇತುದಾರ, ಆ ನಾಡಿನ ಮನೆಮಗನಂತಿದ್ದ ಮಾಜಿ ನಾಯಕ ಆಂಥನಿ ಫೋಲಿ, ಪಂದ್ಯಕ್ಕೆಂದು ಪ್ಯಾರಿಸ್‌ಗೆ ಹೋದಾಗ ತಂಡದ ಹೋಟೆಲಿನಲ್ಲೇ ನಿದ್ರೆಯಲ್ಲಿ ತೀರಿಕೊಂಡರು. ಆಗ ಅವರಿಗೆ 42 ವರ್ಷ. ಬಂದು ಕೆಲವೇ ತಿಂಗಳಾಗಿದ್ದ ಪರದೇಶಿ ಎರಾಸ್ಮಸ್ ಶೋಕದಲ್ಲಿ ಮುಳುಗಿದ್ದ ತಂಡವನ್ನು ಆರೇ ದಿನಗಳಲ್ಲಿ ಮತ್ತೆ ಮೈದಾನಕ್ಕೆ ಇಳಿಸಬೇಕಾಯಿತು. ಲಿಮರಿಕ್‌ನ ಥಾಮಂಡ್ ಪಾರ್ಕ್‌ನಲ್ಲಿ ಗ್ಲಾಸ್ಗೊ ವಿರುದ್ಧದ ಆ ಪಂದ್ಯದಲ್ಲಿ ಮನ್‌ಸ್ಟರ್‌ನ ಒಬ್ಬ ಆಟಗಾರ ಮೊದಲಾರ್ಧದಲ್ಲೇ ಕೆಂಪು ಕಾರ್ಡ್ ಪಡೆದು ಹೊರನಡೆದರೂ ತಂಡ 38–17ರಿಂದ ಗೆದ್ದಿತು. ಆ ಋತುವಿನಲ್ಲಿ ಯುರೋಪಿನ ಚಾಂಪಿಯನ್ಸ್ ಕಪ್‌ನ ಸೆಮಿಫೈನಲ್‌ವರೆಗೂ ಹೋಯಿತು. ಅಲ್ಲಿಯವರೆಗೆ ತಂತ್ರಗಾರ ಎನಿಸಿಕೊಂಡಿದ್ದ ಎರಾಸ್ಮಸ್ ಜನರ ಮನಸ್ಸನ್ನು ಹಿಡಿದಿಡುವ ಹೊಣೆಯನ್ನು ಪೂರ್ತಿಯಾಗಿ ಹೊತ್ತದ್ದು ಇಲ್ಲಿಯೇ ಎಂದು ನಾನು ತಿಳಿಯುತ್ತೇನೆ.

ಇತ್ತ ದಕ್ಷಿಣ ಆಫ್ರಿಕಾದ ಸ್ಥಿತಿ ಶೋಚನೀಯವಾಗಿತ್ತು. 2016ರಲ್ಲಿ ಆಡಿದ 12 ಟೆಸ್ಟ್‌ಗಳಲ್ಲಿ ಎಂಟನ್ನು ಸೋತಿದ್ದರು; ಇಟಲಿಯ ಎದುರೂ ಸೋತಿದ್ದರು. 2017ರಲ್ಲಿ ನ್ಯೂಜಿಲೆಂಡ್‌ನ ಆಲ್ಬನಿಯಲ್ಲಿ 57–0, ಡಬ್ಲಿನ್‌ನಲ್ಲಿ ಐರ್ಲೆಂಡ್ ವಿರುದ್ಧ 38–3. 2018ರ ಮಾರ್ಚ್‌ನಲ್ಲಿ ಎರಾಸ್ಮಸ್ ಮುಖ್ಯ ತರಬೇತುದಾರರಾದಾಗ ವಿಶ್ವಕಪ್‌ಗೆ ಒಂದೂವರೆ ವರ್ಷವಷ್ಟೇ ಉಳಿದಿತ್ತು. ಅವರು ಕೈಗೊಂಡ ಮೊದಲ ದೊಡ್ಡ ನಿರ್ಧಾರ ಪೋರ್ಟ್ ಎಲಿಜಬೆತ್ ಬಳಿಯ ಜ್ವಿಡೆ ಎಂಬ ಬಡ ಬಡಾವಣೆಯಲ್ಲಿ ಬೆಳೆದ ಸಿಯಾ ಕೊಲಿಸಿಯನ್ನು ನಾಯಕನನ್ನಾಗಿ ಮಾಡಿದ್ದು. ವರ್ಣಭೇದದ ಕಾಲದಲ್ಲಿ ಬಿಳಿಯರ ಹೆಮ್ಮೆಯ ಲಾಂಛನವಾಗಿದ್ದ ಸ್ಪ್ರಿಂಗ್‌ಬಾಕ್ (ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ರಗ್ಬಿ ತಂಡದ ಹೆಸರು) ತಂಡದ ಟೆಸ್ಟ್ ನಾಯಕತ್ವ ಕರಿಯ ಆಟಗಾರನೊಬ್ಬನಿಗೆ ದೊರೆತದ್ದು ಇದೇ ಮೊದಲು. ಈ ಆಯ್ಕೆಯನ್ನು ರಾಜಕೀಯ ಎಂದವರಿದ್ದರು. ಕೊಲಿಸಿ ನಾಯಕನಾಗಿ ಆಡಿದ ಮೊದಲ ಪಂದ್ಯದಲ್ಲಿ, ಜೊಹಾನ್ಸ್‌ಬರ್ಗ್‌ನಲ್ಲಿ, ಇಂಗ್ಲೆಂಡ್ ಎದುರು 24–3ರಿಂದ ಹಿಂದೆ ಬಿದ್ದ ತಂಡ ಕೊನೆಗೆ 42–39ರಿಂದ ಗೆದ್ದಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ವೆಲಿಂಗ್ಟನ್‌ನಲ್ಲಿ ನ್ಯೂಜಿಲೆಂಡನ್ನು 36–34ರಿಂದ ಮಣಿಸಿತು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಎರಾಸ್ಮಸ್ ಅವರ ಸಾಧನೆಯ ಗುಟ್ಟು ಭಾಷಣಗಳಲ್ಲಾಗಲಿ, ಅಪೂರ್ವ ತಂತ್ರವೊಂದರಲ್ಲಾಗಲಿ ಇಲ್ಲ. ಪಂದ್ಯ ಹದಿನೈದು ಜನರದ್ದಲ್ಲ, 23 ಜನರದ್ದು. ಅದನ್ನು ಮೊದಲಿನಿಂದಲೇ ಹಾಗೆಂದು ಯೋಜಿಸಬೇಕು, ಮತ್ತು ಪ್ರತಿಯೊಬ್ಬನಿಗೂ ತನ್ನ ಪಾಲು ಏನು, ಏಕೆ ಎಂಬುದು ಮುಂಚೆಯೇ ತಿಳಿದಿರಬೇಕು ಎಂಬ ಒಂದೇ ವಿಚಾರವನ್ನು ಅವರು ಕಡೆಯವರೆಗೂ ಬಿಡದೆ ಹಿಡಿದರು. ಮೊದಲೆಲ್ಲ ಬೆಂಚಿನಲ್ಲಿ ಐವರು ಫಾರ್ವರ್ಡ್‌ಗಳನ್ನೂ ಮೂವರು ಬ್ಯಾಕ್‌ಗಳನ್ನೂ ಇಟ್ಟುಕೊಳ್ಳುವುದು ವಾಡಿಕೆಯಾಗಿತ್ತು. 2019ರಲ್ಲಿ ಎರಾಸ್ಮಸ್ ಆರು ಫಾರ್ವರ್ಡ್‌ಗಳನ್ನು ಇಟ್ಟರು. ಸ್ಕ್ರಮ್‌ನಲ್ಲಿ ನಲವತ್ತು ನಿಮಿಷ ನೂಕಿ ಬಸವಳಿದ ಎದುರಾಳಿಯ ಮುಂದೆ ಅಷ್ಟೇ ಬಲದ, ಇನ್ನೂ ಬೆವರದ ಮೂವರನ್ನು ತಂದು ನಿಲ್ಲಿಸಿದರೆ ಏನಾಗುತ್ತದೆ ಎಂಬುದು ಅವರ ಲೆಕ್ಕ. ಈ ಗುಂಪಿಗೆ ‘ಬಾಂಬ್ ಸ್ಕ್ವಾಡ್’ ಎಂಬ ಹೆಸರು ಬಿತ್ತು. ತಂಡದಿಂದ ಹೊರಗುಳಿದವನ ಅವಮಾನದ ಜಾಗವಾಗಿದ್ದ ಬೆಂಚು ಹೆಮ್ಮೆಯ ಜಾಗವಾಯಿತು. ನನಗೆ ಅವರ ಇಡೀ ಕೆಲಸದಲ್ಲಿ ಅತಿ ದೊಡ್ಡದಾಗಿ ಕಾಣುವುದು ಇದೇ. ಮ್ಯಾಲ್ಕಮ್ ಮಾರ್ಕ್ಸ್ ಆ ಕಾಲದ ಅತ್ಯುತ್ತಮ ಹುಕರ್‌ಗಳಲ್ಲಿ (ಸ್ಕ್ರಮ್‌ನ ಮುಂಸಾಲಿನ ನಡುವೆ ನಿಂತು, ಲೈನ್‌ಔಟ್‌ನಲ್ಲಿ ಚೆಂಡು ಎಸೆಯುವವರು) ಒಬ್ಬರು. ಅಂಥವರು ವಿಶ್ವಕಪ್‌ನ ನಿರ್ಣಾಯಕ ಪಂದ್ಯಗಳನ್ನು ಗೊಣಗದೆ ಬೆಂಚಿನಿಂದ ಆರಂಭಿಸಿದರು ಎಂದರೆ ಅವರಿಗೆ ಕಾರಣವನ್ನು ಎಷ್ಟು ಸ್ಪಷ್ಟವಾಗಿ ಹೇಳಿರಬೇಕು, ನೀವೇ ಊಹಿಸಿ.

2019ರ ನವೆಂಬರ್ 2ರಂದು ಯೊಕೊಹಾಮಾದಲ್ಲಿ ನಡೆದ ಫೈನಲ್ ಈ ವಿಚಾರದ ಪರೀಕ್ಷೆಯಾಯಿತು. ಇಂಗ್ಲೆಂಡ್‌ನ ಪ್ರಾಪ್ (ಮುಂಸಾಲಿನಲ್ಲಿ ಹುಕರ್‌ನ ಪಕ್ಕದವರು) ಕೈಲ್ ಸಿಂಕ್ಲರ್ ಮೂರನೇ ನಿಮಿಷದಲ್ಲೇ ತಲೆಗೆ ಪೆಟ್ಟು ಬಿದ್ದು ಹೊರಹೋದರು. ಅವರ ಜಾಗಕ್ಕೆ ಬಂದ ಡ್ಯಾನ್ ಕೋಲ್ ಉಳಿದ ಪಂದ್ಯವನ್ನೆಲ್ಲ ಒಬ್ಬರೇ ಎಳೆಯಬೇಕಾಯಿತು. ದಕ್ಷಿಣ ಆಫ್ರಿಕಾ ಕೂಡ ಮೊದಲ ಅರ್ಧದಲ್ಲೇ ಹುಕರ್ ಎಂಬೊನಾಂಬಿ ಮತ್ತು ಎರಡನೇ ಸಾಲಿನ ಲಾಕ್ ಲೂಡ್ ಡಿ ಯಾಗರ್ ಅವರನ್ನು ಗಾಯದಿಂದಾಗಿ ಕಳೆದುಕೊಂಡಿತು, ಆದರೆ ಬೆಂಚಿನಿಂದ ಬಂದ ಮಾರ್ಕ್ಸ್ ಮತ್ತು ಫ್ರಾಂಕೊ ಮೊಸ್ಟರ್ಟ್ ಅವರಿಗಿಂತ ಕಡಿಮೆಯವರಾಗಿರಲಿಲ್ಲ. ವಿರಾಮ ಮುಗಿದು ಕೆಲವೇ ನಿಮಿಷಗಳಲ್ಲಿ ಎರಾಸ್ಮಸ್ ಇನ್ನಿಬ್ಬರು ಪ್ರಾಪ್‌ಗಳನ್ನೂ ಬದಲಿಸಿದರು. ಇಂಗ್ಲೆಂಡ್‌ನ ಸ್ಕ್ರಮ್ ಮೇಲಿಂದ ಮೇಲೆ ಕುಸಿಯಿತು, ಪೆನಾಲ್ಟಿಗಳು ಸಿಕ್ಕವು, ಹ್ಯಾಂಡ್ರೆ ಪೊಲ್ಲಾರ್ಡ್ ಅವರ ಬೂಟಿನಿಂದ 22 ಅಂಕಗಳು ಬಂದವು. ಮಪಿಂಪಿ ಮತ್ತು ಕೋಲ್ಬೆ ಟ್ರೈ (ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿ ಪಡೆಯುವ ಅಂಕ) ಗಳಿಸಿದಾಗ ಅಂಕಗಳು 32–12. ಗುಂಪಿನ ಮೊದಲ ಪಂದ್ಯದಲ್ಲೇ ನ್ಯೂಜಿಲೆಂಡ್‌ಗೆ ಸೋತಿದ್ದ ತಂಡ ಕಪ್ ಎತ್ತಿತು. ಗುಂಪಿನ ಪಂದ್ಯ ಸೋತೂ ವಿಶ್ವಕಪ್ ಗೆದ್ದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಒತ್ತಡದ ಬಗ್ಗೆ ಕೇಳಿದ ಪತ್ರಕರ್ತರಿಗೆ ಎರಾಸ್ಮಸ್ ಕೊಟ್ಟ ಉತ್ತರದ ಸಾರ ಇಷ್ಟು: ತಮ್ಮ ದೇಶದಲ್ಲಿ ಕೆಲಸವಿಲ್ಲದಿರುವುದು, ಹತ್ತಿರದವರ ಕೊಲೆಯಾಗುವುದು ನಿಜವಾದ ಒತ್ತಡ, ರಗ್ಬಿ ಒತ್ತಡವನ್ನಲ್ಲ, ಭರವಸೆಯನ್ನು ಹುಟ್ಟಿಸಬೇಕು.

2023ರಲ್ಲಿ ತಂಡ ಮತ್ತೆ ವಿಶ್ವಕಪ್ ಗೆದ್ದಾಗ ಮುಖ್ಯ ತರಬೇತುದಾರರ ಪಟ್ಟ ಜಾಕ್ ನೀನಾಬರ್ ಅವರದ್ದಾಗಿತ್ತು. ಎರಾಸ್ಮಸ್ ರಗ್ಬಿ ನಿರ್ದೇಶಕರಾಗಿದ್ದರು. ನೀನಾಬರ್ ವೃತ್ತಿಯಿಂದ ಫಿಸಿಯೊಥೆರಪಿಸ್ಟ್, ಯೌವನದ ದಿನಗಳಿಂದ ಎರಾಸ್ಮಸ್ ಅವರ ಒಡನಾಡಿ. ಫ್ರೀ ಸ್ಟೇಟ್‌ನಿಂದ ಮನ್‌ಸ್ಟರ್‌ವರೆಗೆ ಜೊತೆಗಿದ್ದವರು. ಹಾಗಾಗಿ ಆ ಗೆಲುವನ್ನು ಇಬ್ಬರ ಹೆಸರಿನಲ್ಲೂ ಬರೆಯಬೇಕು. ವಿಶ್ವಕಪ್‌ಗೆ ಮುನ್ನ ಲಂಡನ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧದ ಪಂದ್ಯದ ಹೊತ್ತಿಗೆ ವಿಲಿ ಲ ರೂ ಗಾಯಗೊಂಡಾಗ ಅವರ ಜಾಗಕ್ಕೆ ಬ್ಯಾಕ್ ಬದಲು ಫಾರ್ವರ್ಡ್ ಒಬ್ಬರನ್ನು ಬೆಂಚಿಗೆ ತಂದರು. ಏಳು ಫಾರ್ವರ್ಡ್, ಒಬ್ಬನೇ ಬ್ಯಾಕ್. ಫಲ 35–7, ನ್ಯೂಜಿಲೆಂಡ್‌ನ ಇತಿಹಾಸದಲ್ಲಿ ಅಲ್ಲಿಯವರೆಗಿನ ಅತಿ ದೊಡ್ಡ ಸೋಲು.

ಆದರೆ ಅವರ ಧೈರ್ಯದ ಅಳತೆ ಸಿಗುವುದು ಇನ್ನೊಂದು ನಿರ್ಧಾರದಲ್ಲಿ. ವಿಶ್ವಕಪ್ ನಡುವೆ ಮಾರ್ಕ್ಸ್ ಗಾಯಗೊಂಡು ಮನೆಗೆ ಮರಳಿದಾಗ, ಹುಕರ್ ಬದಲು ಇನ್ನೊಬ್ಬ ಹುಕರ್‌ನನ್ನು ಕರೆಸುವುದು ಎಲ್ಲರೂ ಮಾಡುವ ಕೆಲಸ. ಅವರು ಕರೆಸಿದ್ದು ಗಾಯದಿಂದ ಚೇತರಿಸಿಕೊಂಡಿದ್ದ ಫ್ಲೈ-ಹಾಫ್ (ಆಟವನ್ನು ನಡೆಸುವ ಬ್ಯಾಕ್) ಪೊಲ್ಲಾರ್ಡ್ ಅವರನ್ನು. ಇಂಗ್ಲೆಂಡ್ ವಿರುದ್ಧದ ಸೆಮಿಫೈನಲ್‌ನಲ್ಲಿ ತಂಡ 69ನೇ ನಿಮಿಷದವರೆಗೆ 15–6ರಿಂದ ಹಿಂದಿತ್ತು. ಸ್ನೈಮನ್ ಅವರ ಟ್ರೈ ನಂತರ, ಬೆಂಚಿನಿಂದ ಬಂದ ಪ್ರಾಪ್ ಆಕ್ಸ್ ಎನ್‌ಚೆ ಸ್ಕ್ರಮ್‌ನಲ್ಲಿ ಗೆದ್ದುಕೊಟ್ಟ ಪೆನಾಲ್ಟಿಯನ್ನು ಪೊಲ್ಲಾರ್ಡ್ ಬಹುದೂರದಿಂದ ಕಂಬಗಳ ನಡುವೆ ಒದ್ದರು. 16–15. ಆ ನಿರ್ಧಾರದ ಬೆಲೆ ಫೈನಲ್‌ನಲ್ಲಿ ತೆರಬೇಕಾಯಿತು: ಉಳಿದಿದ್ದ ಏಕೈಕ ಪೂರ್ಣಪ್ರಮಾಣದ ಹುಕರ್ ಎಂಬೊನಾಂಬಿ ಆರಂಭದಲ್ಲೇ ಗಾಯಗೊಂಡರು, ಅಂದು ಫ್ಲ್ಯಾಂಕರ್ ಆಗಿಯೇ ಹೆಚ್ಚು ಪರಿಚಿತರಾಗಿದ್ದ 37 ವರ್ಷದ ಡೆಯೊನ್ ಫೂರಿ ಪಂದ್ಯದ ಕೊನೆಯವರೆಗೂ ಆ ಭಾರ ಹೊತ್ತರು. ಲೈನ್‌ಔಟ್‌ಗಳು ತಪ್ಪಿದವು. ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್ ಕೆಂಪು ಕಾರ್ಡ್ ಪಡೆದಿದ್ದರೂ ಕಪ್ ಕೈಗೆ ಬಂದದ್ದು 12–11ರಲ್ಲಿ, ಆ ಹನ್ನೆರಡೂ ಪೊಲ್ಲಾರ್ಡ್ ಒದ್ದ ಅಂಕಗಳು. ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸ್ ಎದುರು 29–28. ಮೂರೂ ನಾಕೌಟ್ ಪಂದ್ಯಗಳು ಒಂದೊಂದು ಅಂಕದ ಅಂತರದವು. ಇದರಲ್ಲಿ ಅದೃಷ್ಟದ ಪಾಲಿಲ್ಲ ಎಂದು ಹೇಳಲಾರೆ.

ಫ್ರಾನ್ಸ್ ವಿರುದ್ಧದ ಆ ಪಂದ್ಯದ ಒಂದು ಕ್ಷಣವನ್ನು ನೀವು ಹುಡುಕಿ ನೋಡಬೇಕು. ಎದುರಾಳಿ ಎತ್ತರಕ್ಕೆ ಒದ್ದ ಚೆಂಡನ್ನು ತನ್ನ 22 ಮೀಟರ್ ಗೆರೆಯೊಳಗೆ ನೇರವಾಗಿ ಹಿಡಿದು ‘ಮಾರ್ಕ್’ ಎಂದು ಕೂಗಿದವನಿಗೆ ಫ್ರೀ ಕಿಕ್ ಸಿಗುತ್ತದೆ. ಎಲ್ಲರೂ ಚೆಂಡನ್ನು ದೂರಕ್ಕೆ ಒದ್ದು ನಿಟ್ಟುಸಿರು ಬಿಡುತ್ತಾರೆ. ಡೇಮಿಯನ್ ವಿಲೆಮ್ಸೆ ಕೈಯಿಂದ ಸಂಜ್ಞೆ ಮಾಡಿ ಸ್ಕ್ರಮ್ ಕೇಳಿದರು. ತನ್ನದೇ ಗೋಲಿನ ಎದುರು ಸ್ಕ್ರಮ್ ಕೇಳುವುದು ಹುಚ್ಚೆನಿಸಬಹುದು. ಆದರೆ ತಮ್ಮ ಫಾರ್ವರ್ಡ್‌ಗಳ ಬಲದ ಮೇಲೆ ನಂಬಿಕೆಯಿದ್ದವರಿಗೆ ಅದು ಎದುರಾಳಿಯನ್ನು ದಣಿಸುವ ದಾರಿ. ಮುಂದಿನ ವರ್ಷ ವಿಶ್ವ ರಗ್ಬಿ ಸಂಸ್ಥೆ ಫ್ರೀ ಕಿಕ್‌ಗೆ ಸ್ಕ್ರಮ್ ಆಯ್ದುಕೊಳ್ಳುವ ಅವಕಾಶವನ್ನೇ ತೆಗೆದುಹಾಕಿತು. ಎರಾಸ್ಮಸ್ ಸುಮ್ಮನಾಗಲಿಲ್ಲ: 2025ರ ಜುಲೈನಲ್ಲಿ ಇಟಲಿ ವಿರುದ್ಧ ಪಂದ್ಯದ ಮೊದಲ ಒದೆತವೇ ಬೇಕೆಂತಲೇ, ನಿಯಮದಂತೆ ಸಾಗಬೇಕಾದ ಹತ್ತು ಮೀಟರ್ ತಲುಪದಂತೆ ಬಿತ್ತು, ಸ್ಕ್ರಮ್ ಎದುರಾಳಿಗೆ ಸಿಕ್ಕರೂ ಸರಿ, ಸ್ಕ್ರಮ್ ನಡೆಯಲಿ ಎಂಬ ಉದ್ದೇಶದಿಂದ. ಅಂದು ಬಯಸಿದಂತೆ ಫಲ ಸಿಗಲಿಲ್ಲ ಎಂಬುದು ಬೇರೆ ಮಾತು. ನಿಯಮಪುಸ್ತಕವನ್ನು ಇಷ್ಟು ಸೂಕ್ಷ್ಮವಾಗಿ ಓದುವ ತರಬೇತುದಾರ ಇಂದು ಇನ್ನೊಬ್ಬರಿಲ್ಲ ಎಂದು ನಾನು ನಂಬಿದ್ದೇನೆ.

ಇದೇ ಗುಣ ಅಡ್ಡದಾರಿ ಹಿಡಿದದ್ದರ ಫಲವೇ ನೀವು ಕೇಳಿದ ನಿಷೇಧ. 2021ರಲ್ಲಿ, ಕೋವಿಡ್‌ನಿಂದಾಗಿ ಪ್ರೇಕ್ಷಕರಿಲ್ಲದ ಮೈದಾನಗಳಲ್ಲಿ ನಡೆದ ಲಯನ್ಸ್ ಸರಣಿಯ ಮೊದಲ ಟೆಸ್ಟ್ ಸೋತ ಮೇಲೆ, ರೆಫರಿ ನಿಕ್ ಬೆರಿ ಅವರ ತೀರ್ಪುಗಳನ್ನು ಒಂದೊಂದಾಗಿ ಬಿಡಿಸಿ ಟೀಕಿಸಿದ 62 ನಿಮಿಷಗಳ ವಿಡಿಯೊ ಒಂದು ಸಾರ್ವಜನಿಕವಾಯಿತು. ಸರಣಿಯನ್ನು ದಕ್ಷಿಣ ಆಫ್ರಿಕಾ 2–1ರಿಂದ ಗೆದ್ದಿತು. ವಿಶ್ವ ರಗ್ಬಿಯ ಸ್ವತಂತ್ರ ಸಮಿತಿ ಎರಾಸ್ಮಸ್ ಅವರನ್ನು ಎರಡು ತಿಂಗಳು ಎಲ್ಲ ರಗ್ಬಿ ಚಟುವಟಿಕೆಗಳಿಂದಲೂ, 2022ರ ಸೆಪ್ಟೆಂಬರ್ ಅಂತ್ಯದವರೆಗೆ ಪಂದ್ಯದ ದಿನದ ಕೆಲಸಗಳಿಂದಲೂ ಹೊರಗಿಟ್ಟಿತು. ಆ ಗಡುವು ಮುಗಿದ ಬೆನ್ನಲ್ಲೇ, ನವೆಂಬರ್‌ನಲ್ಲಿ, ಜಾಲತಾಣದ ಬರಹಗಳಿಗಾಗಿ ಇನ್ನೆರಡು ಪಂದ್ಯಗಳ ನಿಷೇಧ ಬಿತ್ತು. ತೀರ್ಪುಗಳಲ್ಲಿ ತಪ್ಪಿದ್ದಿರಬಹುದು. ಆದರೂ ಒಬ್ಬ ರೆಫರಿಯನ್ನು ಇಡೀ ಜಗತ್ತಿನ ಮುಂದೆ ನಿಲ್ಲಿಸಿ ವಿಚಾರಣೆ ಮಾಡುವ ಹಕ್ಕು ಯಾವ ತರಬೇತುದಾರನಿಗೂ ಇಲ್ಲ. ಬೆರಿ ಮತ್ತು ಅವರ ಕುಟುಂಬದವರು ಅದರಿಂದ ಅನುಭವಿಸಿದ ನೋವು ಸಣ್ಣದಲ್ಲ. ಎರಾಸ್ಮಸ್ ಅವರ ಪ್ರತಿಭೆಯನ್ನು ಮೆಚ್ಚುವ ನಾನು ಈ ವಿಷಯದಲ್ಲಿ ಅವರ ಪರ ಮಾತನಾಡಲಾರೆ. 2024ರಲ್ಲಿ ಮತ್ತೆ ಮುಖ್ಯ ತರಬೇತುದಾರರಾದಾಗ ಅವರು ನಿವೃತ್ತ ಅಂತರರಾಷ್ಟ್ರೀಯ ರೆಫರಿ ಯಾಕೊ ಪೈಪರ್ ಅವರನ್ನು ನಿಯಮಗಳ ಸಲಹೆಗಾರರಾಗಿ ತಮ್ಮ ಬಳಗಕ್ಕೆ ಸೇರಿಸಿಕೊಂಡರು. ಅದು ಸರಿಯಾದ ದಾರಿ.

ಸ್ವತಃ ಆಡಿದ ಅನುಭವ ಎಷ್ಟು ನೆರವಾಯಿತು ಎಂಬ ಪ್ರಶ್ನೆಗೆ ಇಂಗ್ಲೆಂಡ್‌ನ ಮಾರ್ಟಿನ್ ಜಾನ್ಸನ್ ಅವರನ್ನು ಎದುರಿಗಿಟ್ಟು ಉತ್ತರಿಸಬಹುದು. 2003ರಲ್ಲಿ ವಿಶ್ವಕಪ್ ಎತ್ತಿದ ನಾಯಕ ಜಾನ್ಸನ್ ಅವರನ್ನು, ಎಲ್ಲಿಯೂ ತರಬೇತಿ ಕೊಟ್ಟ ಅನುಭವವಿಲ್ಲದಿದ್ದರೂ, 2008ರಲ್ಲಿ ಇಂಗ್ಲೆಂಡ್ ತಂಡದ ವ್ಯವಸ್ಥಾಪಕರನ್ನಾಗಿ ಮಾಡಲಾಯಿತು. 2011ರಲ್ಲಿ ಯುರೋಪಿನ ಆರು ದೇಶಗಳ ಸಿಕ್ಸ್ ನೇಷನ್ಸ್ ಪಂದ್ಯಾವಳಿ ಗೆದ್ದರೂ ಅದೇ ವರ್ಷ ವಿಶ್ವಕಪ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಸೋತ ಮೇಲೆ ಅವರು ರಾಜೀನಾಮೆ ಕೊಟ್ಟರು. ಆಟಗಾರರಾಗಿ ಜಾನ್ಸನ್ ಎರಾಸ್ಮಸ್‌ಗಿಂತ ದೊಡ್ಡವರು. ವ್ಯತ್ಯಾಸವಿರುವುದು ನಡುವಿನ ವರ್ಷಗಳಲ್ಲಿ. ಎರಾಸ್ಮಸ್ ರಾಷ್ಟ್ರೀಯ ತಂಡದ ಮುಖ್ಯ ತರಬೇತುದಾರರಾಗುವ ಮುನ್ನ ಹದಿಮೂರು, ಹದಿನಾಲ್ಕು ವರ್ಷಗಳ ಕಾಲ ಪ್ರಾಂತ್ಯ, ಆಡಳಿತ, ಪರದೇಶ ಎಲ್ಲವನ್ನೂ ಕಂಡಿದ್ದರು. ಆಟದ ಅನುಭವ ಅವರಿಗೆ ಆಟಗಾರರ ಭಾಷೆಯನ್ನು ಕೊಟ್ಟಿತು; ಗಾಯಗೊಂಡು ಹೊರಗುಳಿದವನ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬ ತಿಳಿವಳಿಕೆಯನ್ನು ಕೊಟ್ಟಿತು. ಉಳಿದದ್ದನ್ನು ದುಡಿದು ಕಲಿತರು.

ನಿಮ್ಮ ಶಾಲೆಗೆ ಇದರಿಂದ ದಕ್ಕುವುದೂ ಇದೆ. ಒಳ್ಳೆಯ ಆಟಗಾರನಾಗಿದ್ದ ಹಳೆಯ ವಿದ್ಯಾರ್ಥಿಯನ್ನು ನೇರವಾಗಿ ತರಬೇತುದಾರನನ್ನಾಗಿ ಮಾಡಬೇಡಿ. ಒಂದು ಋತುವಿನ ಮಟ್ಟಿಗೆ ಪಂದ್ಯಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಯಾರು ಎಲ್ಲಿ ದಣಿದರು, ಚೆಂಡು ಎಲ್ಲೆಲ್ಲಿ ಕೈತಪ್ಪಿತು ಎಂದು ಬರೆದಿಡುವ ಕೆಲಸ ಕೊಡಿ. ಬೆಂಚಿನಲ್ಲಿ ಕೂರುವ ಹುಡುಗರಿಗೆ ಯಾವ ನಿಮಿಷಕ್ಕೆ, ಯಾರ ಬದಲು, ಯಾವ ಕೆಲಸಕ್ಕೆ ಇಳಿಯುತ್ತಾರೆಂದು ಹಿಂದಿನ ದಿನವೇ ಹೇಳಿ.

ಎರಾಸ್ಮಸ್ ಅವರ ಒಪ್ಪಂದ 2031ರವರೆಗೆ ವಿಸ್ತರಣೆಯಾಗಿದೆ. 2025ರಲ್ಲಿ ಅವರ ತಂಡ ಜೊಹಾನ್ಸ್‌ಬರ್ಗ್‌ನಲ್ಲಿ ಆಸ್ಟ್ರೇಲಿಯಾ ಎದುರು 22–0ರ ಮುನ್ನಡೆಯಿಂದ 22–38ರ ಸೋಲಿಗೆ ಕುಸಿಯಿತು. ಕೆಲವೇ ವಾರಗಳಲ್ಲಿ ವೆಲಿಂಗ್ಟನ್‌ನಲ್ಲಿ ನ್ಯೂಜಿಲೆಂಡನ್ನು 43–10ರಿಂದ ಸೋಲಿಸಿ ತನ್ನದೇ ಹಳೆಯ ದಾಖಲೆ ಮುರಿಯಿತು, ದಕ್ಷಿಣ ಗೋಳಾರ್ಧದ ದೇಶಗಳ ಪಂದ್ಯಾವಳಿಯಾದ ರಗ್ಬಿ ಚಾಂಪಿಯನ್‌ಷಿಪ್ಪನ್ನೂ ಉಳಿಸಿಕೊಂಡಿತು. 2027ರ ವಿಶ್ವಕಪ್ ಆಸ್ಟ್ರೇಲಿಯಾದಲ್ಲಿ ನಡೆಯಲಿದೆ. ಕೊಲಿಸಿ ಮತ್ತು ಎಬೆನ್ ಎಟ್ಜೆಬೆತ್ ಅವರಂಥ ಹಳಬರು ಆ ಹೊತ್ತಿಗೆ ಮೂವತ್ತೈದು ದಾಟಿರುತ್ತಾರೆ. ತಾವೇ ಬೆಳೆಸಿದ ಇವರಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರಿಗೆ ಸಾಕು ಎನ್ನಬೇಕು ಎಂಬುದು ಅವರ ಮುಂದಿರುವ ಅತಿ ಕಠಿಣ ಆಯ್ಕೆ ಎಂದು ನನಗನ್ನಿಸುತ್ತದೆ.